ಗಾಳಿ ಇದೆ, ನೀರು ಬರುತ್ತಿಲ್ಲ: ನೀರೆತ್ತುವ ಗಾಳಿಯಂತ್ರದ ದೋಷ ಹುಡುಕುವ ಬಗೆ

ಗಾಳಿಯಂತ್ರ ನಿಂತುಹೋಗಿದೆ ಎಂದು ಕರೆಯುವವರ ಮೊದಲ ಮಾತು ಸಾಮಾನ್ಯವಾಗಿ ‘ಗಾಳಿ ಸಾಲುತ್ತಿಲ್ಲ’ ಎಂದಿರುತ್ತದೆ. ಎರಡನೆಯದು ‘ರೆಕ್ಕೆ ಬದಲಿಸಬೇಕೇನೋ’. ಕಣ್ಣಿಗೆ ಬೀಳುವುದು ಮೇಲಿನ ಚಕ್ರವೇ ಆದ್ದರಿಂದ ತಪ್ಪೆಲ್ಲ ಅದರ ತಲೆಗೆ ಬರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹೊಲಗಳಲ್ಲಿ ಈ ಯಂತ್ರಗಳ ಕೆಲಸ ಮಾಡುತ್ತ ನಾನು ಕಂಡದ್ದು ಬೇರೆ. ದೋಷ ಹೆಚ್ಚಾಗಿ ಬಾವಿಯೊಳಗಿರುತ್ತದೆ, ಇಲ್ಲವೇ ಚಕ್ರಕ್ಕೂ ಪಂಪಿಗೂ ಹೊಂದಾಣಿಕೆ ತಪ್ಪಿರುತ್ತದೆ. ಇವೆರಡನ್ನೂ ಪರೀಕ್ಷಿಸದೆ ರೆಕ್ಕೆಗೆ ಕೈಹಾಕಿದರೆ ಹಣವೂ ಹೋಗುತ್ತದೆ, ಹಂಗಾಮೂ ಹೋಗುತ್ತದೆ.

ಇಲ್ಲಿ ಹೇಳುತ್ತಿರುವುದು ಸುಧಾರಿತ ಮಾದರಿಯ ಬಗ್ಗೆ: ಮೂರು ಮೀಟರ್ ಅಡ್ಡಳತೆಯ ಚಕ್ರ, ಬಾಗಿದ ಹನ್ನೆರಡು ತಗಡಿನ ರೆಕ್ಕೆ, ಗೇರ್ ಇಲ್ಲದೆ ಚಕ್ರದ ಜೊತೆಗೇ ತಿರುಗುವ ಕ್ರ್ಯಾಂಕ್ (ಸುತ್ತನ್ನು ಏರಿಳಿತವಾಗಿ ಬದಲಿಸುವ ತೋಳು), ಅದರಿಂದ ಬಾವಿಗೆ ಇಳಿಯುವ ರಾಡು, ತಳದಲ್ಲಿ 63.5 ಮಿ.ಮೀ. ಒಳವ್ಯಾಸದ ಹಿತ್ತಾಳೆಯ ಸಿಲಿಂಡರ್. ಈ ಸಿಲಿಂಡರಿನ ಅಳತೆ ಊರೂರಲ್ಲೂ ಇರುವ ಇಂಡಿಯಾ ಮಾರ್ಕ್ 2 ಕೈಪಂಪಿನದೇ. ಹಾಗಾಗಿ ವಾಷರ್, ವಾಲ್ವ್, ರಾಡು ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತವೆ; ಅವನ್ನು ಬಿಚ್ಚಿ ಜೋಡಿಸಬಲ್ಲ ಕೈಪಂಪ್ ಮೆಕ್ಯಾನಿಕ್ ಕೂಡ ಹತ್ತಿರದಲ್ಲೇ ಇರುತ್ತಾರೆ. ನೀರೆತ್ತುವ ಗಾಳಿಯಂತ್ರ ನಮ್ಮ ರಾಜ್ಯಕ್ಕೆ ಹೊಸದೇನಲ್ಲ, 1960ರ ದಶಕದಲ್ಲೇ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಒಂದನ್ನು ರೂಪಿಸಿತ್ತು. ಈಗಿನ ಮಾದರಿಯಲ್ಲಿ ಸುಧಾರಣೆ ಮೂರು ಕಡೆ ಇದೆ. ಕ್ರ್ಯಾಂಕಿನಲ್ಲಿ ಮೂರು ತೂತುಗಳಿದ್ದು 75, 100 ಅಥವಾ 125 ಮಿ.ಮೀ. ಹೊಡೆತಕ್ಕೆ (ಪಿಸ್ಟನ್ ಏರಿಳಿಯುವ ದೂರಕ್ಕೆ) ಹೊಂದಿಸಬಹುದು. ಪಿಸ್ಟನ್ನಿನಲ್ಲಿ 2 ಮಿ.ಮೀ.ನ ಒಂದು ಸಣ್ಣ ತೂತು ಇದೆ. ಜೋರು ಗಾಳಿಗೆ ಮಡಚಿಕೊಳ್ಳುವ ಬಾಲ ಇದೆ. ಬಂದ ದೂರುಗಳಲ್ಲಿ ಬಹಳಷ್ಟು ಈ ಮೂರರ ಸುತ್ತಲೇ ಸುತ್ತುತ್ತವೆ.

ಗಾಳಿ ಎಷ್ಟಿದೆ ಎಂದು ಮೊದಲು ತಿಳಿಯಿರಿ

ಇದಕ್ಕೆ ಉಪಕರಣ ಬೇಡ. ಹೊಲದ ಬೇವಿನ ಮರ ಸಾಕು. ಮುಖಕ್ಕೆ ಗಾಳಿ ತಾಗಿದ್ದು ತಿಳಿಯುತ್ತ, ಎಲೆ ಸರಸರ ಎನ್ನುತ್ತಿದ್ದರೆ ವೇಗ ಸೆಕೆಂಡಿಗೆ 1.6ರಿಂದ 3.3 ಮೀಟರ್. ಎಲೆಯೂ ಸಣ್ಣ ಟೊಂಗೆಯೂ ಬಿಡದೆ ಅಲುಗುತ್ತ, ಕಟ್ಟಿದ ತೆಳು ಬಟ್ಟೆ ಚಾಚಿಕೊಂಡು ನಿಂತರೆ 3.4ರಿಂದ 5.4 ಮೀಟರ್. ದಾರಿಯ ಧೂಳು, ಒಣ ಹಾಳೆ ಮೇಲೇಳುತ್ತಿದ್ದರೆ 5.5ರಿಂದ 7.9 ಮೀಟರ್. ಇದು ಹಡಗಿನವರು ಬಳಸಿಕೊಂಡು ಬಂದ ಬ್ಯೂಫೋರ್ಟ್ ಮಾಪಕ. ನೆಲದ ಮೇಲೂ ಇದನ್ನು ನಂಬಬಹುದು.

ಮೊದಲ ಹಂತದ ಗಾಳಿಗೆ ಯಂತ್ರ ತಿರುಗದಿದ್ದರೆ ಅದು ದೋಷವಲ್ಲ. ಎರಡನೆಯ ಹಂತದಲ್ಲಿ ತಾನಾಗಿ ಹೊರಡಬೇಕು; ಹೊರಡದಿದ್ದರೆ ಮಾತ್ರ ಮುಂದೆ ಓದಿ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ ಎಂಬುದನ್ನು ರೈತರಿಗೆ ನಾನು ಮತ್ತೆ ಮತ್ತೆ ಹೇಳುತ್ತೇನೆ. ಈ ಚಕ್ರದ ಎದುರಿಗೆ ಬರುವ ಗಾಳಿಯಲ್ಲಿ ಸೆಕೆಂಡಿಗೆ 3 ಮೀಟರ್ ವೇಗಕ್ಕೆ ಸುಮಾರು 100 ವ್ಯಾಟ್, 4 ಮೀಟರಿಗೆ 240, 5 ಮೀಟರಿಗೆ 470 ವ್ಯಾಟ್ ಇರುತ್ತದೆ. ಅದರಲ್ಲೂ ಯಾವ ಯಂತ್ರಕ್ಕೂ 59.3 ಶೇಕಡಾಕ್ಕಿಂತ ಹೆಚ್ಚು ದಕ್ಕುವುದಿಲ್ಲ. ಜರ್ಮನಿಯ ಆಲ್ಬರ್ಟ್ ಬೆಟ್ಜ್ 1919ರಲ್ಲಿ ತೋರಿಸಿದ ಮಿತಿ ಅದು. ನಮ್ಮ ತಗಡಿನ ರೆಕ್ಕೆಗಳಿಗೆ ಅತ್ಯುತ್ತಮ ಸ್ಥಿತಿಯಲ್ಲಿ ಕಾಲು ಭಾಗದ ಆಸುಪಾಸು ಸಿಕ್ಕರೆ ಚೆನ್ನಾಗಿ ಮಾಡಿದ್ದಾರೆ ಎನ್ನಬೇಕು. ಬೇಸಿಗೆಯಲ್ಲಿ ಗಾಳಿಯೂ ತೆಳು. 42 ಡಿಗ್ರಿ ಬಿಸಿಲಿನಲ್ಲಿ ಕಲಬುರಗಿಯ ಗಾಳಿ, ಸಮುದ್ರಮಟ್ಟದ ತಂಪು ಗಾಳಿಗಿಂತ ಸುಮಾರು ಶೇಕಡಾ 13ರಷ್ಟು ತೆಳುವಾಗಿರುತ್ತದೆ. ಮೇಲಿನ ಅಂಕಿಗಳನ್ನು ಆ ತೆಳು ಗಾಳಿಗೇ ಲೆಕ್ಕ ಹಾಕಿದ್ದೇನೆ.

ಇದರಿಂದ ಒಂದು ದೂರು ಮಾತಿನಲ್ಲೇ ಬಗೆಹರಿಯುತ್ತದೆ. ‘ಇದೇ ಚಕ್ರಕ್ಕೆ ಮೇವು ಕತ್ತರಿಸುವ ಯಂತ್ರ ಕಟ್ಟಿದೆವು, ಎಳೆಯುತ್ತಿಲ್ಲ’ ಎನ್ನುವವರಿದ್ದಾರೆ. ಸಾಧಾರಣ ಗಾಳಿಯಲ್ಲಿ ಈ ಚಕ್ರದ ದಂಡದಿಂದ ಸಿಗುವುದು 60 ವ್ಯಾಟ್ ಸುತ್ತಮುತ್ತ. ಒಬ್ಬ ಆಳು ದಣಿಯದೆ ಮಾಡಬಲ್ಲ ಕೆಲಸಕ್ಕಿಂತ ತುಸು ಕಡಿಮೆಯೇ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಅಲ್ಲಿ ಕೆಟ್ಟಿರುವ ಭಾಗ ಯಾವುದೂ ಇಲ್ಲ, ಹೊರಿಸಿದ ಕೆಲಸವೇ ತಪ್ಪು.

ಮುಟ್ಟುವ ಮುನ್ನ

ಬೀಸುವ ಗಾಳಿಯಲ್ಲಿ ಗೋಪುರ ಹತ್ತಬೇಡಿ. ಬ್ರೇಕ್ ಹಾಕಿ, ಬಾಲ ಮಡಚಿ, ಅದರ ಮೇಲೂ ಚಕ್ರವನ್ನು ಹಗ್ಗದಿಂದ ಗೋಪುರಕ್ಕೆ ಬಿಗಿಯಿರಿ. ಬ್ರೇಕೊಂದನ್ನೇ ನಂಬಿ ಹತ್ತಿದವರ ಬೆರಳು ಹೋಗಿದೆ. ಸೊಂಟಕ್ಕೆ ಬೆಲ್ಟ್ ಇರಲಿ, ಕೆಳಗೆ ಇನ್ನೊಬ್ಬರು ಇರಲಿ. ಬಹಳ ದಿನ ನಿಂತ ಯಂತ್ರವಾದರೆ ಹತ್ತುವ ಮೊದಲು ತಲೆಯ ಕೆಳಭಾಗವನ್ನು ದೂರದಿಂದಲೇ ನೋಡಿ. ಹೆಜ್ಜೇನು ಇಂಥ ಎತ್ತರದ ಕಬ್ಬಿಣಕ್ಕೆ ಗೂಡು ಕಟ್ಟುತ್ತದೆ, ಗೋಪುರದ ಮೇಲೆ ಅದು ಎದ್ದರೆ ಓಡಲು ಜಾಗವಿರುವುದಿಲ್ಲ.

ರಾಡು ಬಿಚ್ಚಿ, ದೋಷವನ್ನು ಎರಡು ಪಾಲು ಮಾಡಿ

ಎಲ್ಲ ದೂರಿಗೂ ನನ್ನ ಮೊದಲ ಪರೀಕ್ಷೆ ಇದೇ. ಗೋಪುರದ ಬುಡದಲ್ಲಿ ಚಕ್ರದಿಂದ ಬರುವ ರಾಡನ್ನೂ ಪಂಪಿನ ರಾಡನ್ನೂ ಸೇರಿಸುವ ಕೀಲು ಇರುತ್ತದೆ. ಬೆಳಿಗ್ಗೆ ಗಾಳಿ ಮಂದವಾಗಿರುವಾಗ ಅದರ ಬೋಲ್ಟು ಬಿಚ್ಚಿ, ಬ್ರೇಕ್ ಬಿಡಿ. ಎಲೆ ಸರಸರ ಎನ್ನುವಷ್ಟೇ ಗಾಳಿಗೆ ಚಕ್ರ ಸಲೀಸಾಗಿ ಹೊರಟರೆ ಮೇಲಿನ ಭಾಗ ಸರಿಯಿದೆ, ನೀವು ಬಾವಿಯ ಕಡೆ ನೋಡಬೇಕು. ಹೊರಡದಿದ್ದರೆ ದೋಷ ಮೇಲಿದೆ. ಭಾರವಿಲ್ಲದ ಚಕ್ರ ಗಾಳಿ ಏರಿದೊಡನೆ ಹುಚ್ಚೆದ್ದು ಓಡುವುದರಿಂದ ಪರೀಕ್ಷೆ ಎರಡು ಮೂರು ನಿಮಿಷಕ್ಕೆ ಮುಗಿಯಬೇಕು, ಒಬ್ಬರ ಕೈ ಬ್ರೇಕಿನ ಮೇಲೆಯೇ ಇರಬೇಕು. ಮಧ್ಯಾಹ್ನದ ಗಾಳಿಯಲ್ಲಿ ಇದನ್ನು ಮಾಡಲೇಬೇಡಿ.

ಮೇಲೆ ದೋಷವಿದ್ದರೆ ಹುಡುಕುವುದು ಕಷ್ಟವಲ್ಲ. ಬ್ರೇಕಿನ ಪಟ್ಟಿ ಪೂರ್ತಿ ಬಿಡದೆ ಉಜ್ಜುತ್ತಿರಬಹುದು. ಬೇರಿಂಗಿನ ಗ್ರೀಸ್ ಎರೆ ಮಣ್ಣಿನ ಧೂಳಿನೊಡನೆ ಸೇರಿ ಗಟ್ಟಿಯಾಗಿರಬಹುದು. ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ತುಂಬಿದರೆ ಬಹಳ ಸಲ ಅಷ್ಟಕ್ಕೇ ಮುಗಿಯುತ್ತದೆ. ಚಕ್ರ ಪ್ರತಿ ಬಾರಿಯೂ ಅದೇ ರೆಕ್ಕೆಯನ್ನು ಕೆಳಗೆ ಮಾಡಿ ನಿಲ್ಲುತ್ತಿದ್ದರೆ ತೂಕ ಒಂದು ಕಡೆ ಹೆಚ್ಚಾಗಿದೆ ಎಂದರ್ಥ. ಮುರಿದ ರೆಕ್ಕೆಯ ಜಾಗಕ್ಕೆ ದಪ್ಪ ತಗಡು ಹಾಕಿದ ಯಂತ್ರಗಳಲ್ಲಿ ಇದು ಖಚಿತ. ಎದುರಿನ ರೆಕ್ಕೆಗೆ ನಟ್ಟು, ವಾಷರ್ ಬಿಗಿದು ಸರಿತೂಗಿಸಿ. ಹೊಸ ರೆಕ್ಕೆಯ ಬಾಗು ಮತ್ತು ಓರೆ ಉಳಿದವುಗಳಂತೆಯೇ ಇದೆಯೇ ಎಂದು ಹಲಗೆಯಿಂದ ಕೊರೆದ ಅಚ್ಚು ಹಿಡಿದು ನೋಡಿ, ಕಣ್ಣಂದಾಜು ಇಲ್ಲಿ ಸಾಲದು.

ಹೊರಡುವಾಗಿನ ಭಾರ

ಇನ್ನು ಬಾವಿಯ ಕಡೆಗೆ. ಈ ಭಾಗಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಏಕೆಂದರೆ ಅರ್ಥವಾಗದೆ ಹೆಚ್ಚು ಯಂತ್ರಗಳು ಗುಜರಿ ಸೇರುವುದು ಇಲ್ಲೇ.

ಪಿಸ್ಟನ್ ಮೇಲೇಳುವಾಗ ಅದರ ಮೇಲಿನ ನೀರಿನ ಕಂಬವನ್ನಿಡೀ ಹೊರಬೇಕು. ಬಾವಿಯ ನೀರಿನ ಮಟ್ಟದಿಂದ ತೊಟ್ಟಿಗೆ ನೀರು ಬೀಳುವ ಬಾಯಿಯವರೆಗೆ 8 ಮೀಟರ್ ಇದ್ದರೆ 63.5 ಮಿ.ಮೀ. ಪಿಸ್ಟನ್ ಮೇಲೆ ಬೀಳುವ ಭಾರ ಸುಮಾರು 25 ಕಿಲೋ. 15 ಮೀಟರಿಗೆ 47 ಕಿಲೋ, 20 ಮೀಟರಿಗೆ 63 ಕಿಲೋ. ರಾಡಿನ ತೂಕ ಬೇರೆ, 12 ಮಿ.ಮೀ. ರಾಡು ಮೀಟರಿಗೆ ಒಂದು ಕಿಲೋಗೆ ತುಸು ಕಡಿಮೆ. ತಿರುಗುತ್ತಿರುವ ಚಕ್ರಕ್ಕೆ ಈ ಭಾರ ದೊಡ್ಡದಲ್ಲ. ತನ್ನ ಓಟದ ಬಲದಿಂದಲೇ ಏರುವ ಹೊಡೆತವನ್ನು ದಾಟುತ್ತದೆ, ಇಳಿಯುವ ಹೊಡೆತದಲ್ಲಿ ಭಾರವಿಲ್ಲ. ನಿಂತ ಚಕ್ರಕ್ಕೆ ಆ ಅನುಕೂಲವಿಲ್ಲ. ಸರಾಸರಿ ಭಾರದ ಮೂರು ಪಟ್ಟಿಗೂ ತುಸು ಹೆಚ್ಚನ್ನು ಅದು ಒಮ್ಮೆಗೇ ದಾಟಿ ಹೊರಡಬೇಕು. ಓಡುತ್ತಿರುವ ಯಂತ್ರ ಸಣ್ಣ ಗಾಳಿಯಲ್ಲೂ ಓಡುತ್ತಲೇ ಇದ್ದು, ಒಮ್ಮೆ ನಿಂತರೆ ಅದೇ ಗಾಳಿಗೆ ಹೊರಡದೇ ಇರುವುದಕ್ಕೆ ಕಾರಣ ಇದು.

ಪಿಸ್ಟನ್ನಿನ 2 ಮಿ.ಮೀ. ತೂತು ಇರುವುದು ಇದಕ್ಕಾಗಿ. ಚಕ್ರ ತೆವಳುತ್ತ ಹೊರಡುವಾಗ ಪಿಸ್ಟನ್ ಬಹಳ ನಿಧಾನ ಏರುತ್ತದೆ, ಮೇಲಿನ ನೀರು ಆ ತೂತಿನಿಂದ ಕೆಳಗಿಳಿದು ಭಾರ ಬೀಳಗೊಡುವುದಿಲ್ಲ. ಚಕ್ರ ವೇಗ ಹಿಡಿದ ಮೇಲೆ ತೂತಿನಿಂದ ಸೋರಲು ಸಮಯವೇ ಸಿಗುವುದಿಲ್ಲ, ನೀರು ಮೇಲೇರುತ್ತದೆ. ಒಳ್ಳೆಯ ಗಾಳಿಯಲ್ಲಿ ಸೋರಿಕೆಯಿಂದಾಗುವ ನಷ್ಟ ಎಂಟನೇ ಒಂದು ಭಾಗದಷ್ಟು. ಅಷ್ಟನ್ನು ಬಿಟ್ಟುಕೊಟ್ಟು ದಿನಕ್ಕೆ ಎಷ್ಟೋ ಗಂಟೆಗಳ ಓಟ ಗಳಿಸುತ್ತೇವೆ. ರೆಕ್ಕೆ ಹೆಚ್ಚಿಸುವುದಕ್ಕಿಂತ ದೊಡ್ಡ ಸುಧಾರಣೆ ಇದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ತೂತು ತೆರೆದಿದೆಯೇ ಎಂದು ತಿಳಿಯಲು ಸಿಲಿಂಡರ್ ಹೊರತೆಗೆಯಬೇಕಿಲ್ಲ. ತೊಗರಿ ಚೀಲ ತೂಗುವ ಕೊಕ್ಕೆ ತಕ್ಕಡಿಯನ್ನು ಪಂಪಿನ ರಾಡಿಗೆ ಸಿಕ್ಕಿಸಿ, ಬಿದಿರಿನ ಗಳವೊಂದನ್ನು ಸನ್ನೆಗೋಲಾಗಿಸಿ ಎತ್ತಿ. ಮೊದಲು ಬಹಳ ನಿಧಾನ, ಒಂದು ಹೊಡೆತಕ್ಕೆ ಅರ್ಧ ನಿಮಿಷ ತೆಗೆದುಕೊಂಡು. ಹದಿನೈದು ಮೀಟರ್ ಆಳದ ಪಂಪಿನಲ್ಲಿ ತಕ್ಕಡಿ ಇಪ್ಪತ್ತು ಇಪ್ಪತ್ತೈದು ಕಿಲೋದ ಸುತ್ತ ನಿಲ್ಲಬೇಕು. ರಾಡಿನ ತೂಕ, ವಾಷರಿನ ಉಜ್ಜಾಟ ಎಲ್ಲ ಸೇರಿ ಇಷ್ಟೇ. ಆಮೇಲೆ ಚುರುಕಾಗಿ ಎತ್ತಿ. ಈಗ ಅರವತ್ತರ ಆಸುಪಾಸಿಗೆ ಏರಬೇಕು. ನಿಧಾನ ಎತ್ತಿದಾಗಲೂ ಅರವತ್ತೇ ತೋರಿಸಿದರೆ ತೂತು ಮುಚ್ಚಿದೆ. ಚುರುಕಾಗಿ ಎತ್ತಿದಾಗಲೂ ಇಪ್ಪತ್ತೈದನ್ನು ದಾಟದಿದ್ದರೆ ವಾಷರ್ ಸವೆದಿದೆ, ಇಲ್ಲವೇ ಪಿಸ್ಟನ್ ವಾಲ್ವ್ ಕೂರುತ್ತಿಲ್ಲ. ಎರಡರಲ್ಲೂ ಎಂಬತ್ತು ತೊಂಬತ್ತು ತೋರಿಸಿದರೆ ಎಲ್ಲೋ ಸಿಕ್ಕಿಕೊಳ್ಳುತ್ತಿದೆ: ಹೊಸ ಚರ್ಮದ ವಾಷರ್ ನೀರಿಗೆ ಉಬ್ಬಿರಬಹುದು, ಮರಳು ಹೊಕ್ಕಿರಬಹುದು, ರಾಡು ಹಾದುಹೋಗುವ ಮೇಲಿನ ಬಿಗಿಮುಚ್ಚಳವನ್ನು (ಗ್ಲ್ಯಾಂಡ್) ಯಾರೋ ಅತಿಯಾಗಿ ಬಿಗಿದಿರಬಹುದು. ಗ್ಲ್ಯಾಂಡಿನಿಂದ ಹನಿ ಹನಿ ನೀರು ಜಿನುಗುತ್ತಿರಬೇಕು. ಪೂರ್ತಿ ಒಣಗಿದ ಗ್ಲ್ಯಾಂಡ್ ರಾಡನ್ನು ಹಿಡಿದು ನಿಲ್ಲಿಸುತ್ತದೆ.

ಚಿತ್ತಾಪುರದ ಕಡೆಯ ಒಂದು ಹೊಲದಲ್ಲಿ ಯಂತ್ರ ಹೊಸದಾಗಿದ್ದಾಗ ಚೆನ್ನಾಗಿ ಓಡಿ, ವರ್ಷ ಕಳೆಯುವಷ್ಟರಲ್ಲಿ ಮಧ್ಯಾಹ್ನದ ಜೋರು ಗಾಳಿಗೆ ಮಾತ್ರ ಹೊರಡುವಂತಾಗಿತ್ತು. ತಕ್ಕಡಿ ಪರೀಕ್ಷೆಯಲ್ಲಿ ನಿಧಾನಕ್ಕೂ ಚುರುಕಿಗೂ ವ್ಯತ್ಯಾಸವೇ ಇರಲಿಲ್ಲ. ಸಿಲಿಂಡರ್ ಮೇಲೆತ್ತಿ ಪಿಸ್ಟನ್ ಕೈಗೆ ತೆಗೆದುಕೊಂಡರೆ ತೂತು ಇದ್ದ ಜಾಗದಲ್ಲಿ ಮಾಸಲು ಬಿಳಿಯ ಪದರ, ಉಗುರಿನಿಂದ ಕೆರೆದರೂ ಏಳದಷ್ಟು ಗಟ್ಟಿ. ಹೊಲದ ಯಜಮಾನರು ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಮನೆಯ ನೀರೊಲೆಯ ಹಂಡೆಯಲ್ಲೂ ಇದೇ ಕಟ್ಟುತ್ತದೆ’ ಎಂದರು. ‘ಹೌದು ಕಾಕಾ, ನಿಮ್ಮ ಬಾವಿ ಇರುವುದೇ ಸುಣ್ಣದ ಕಲ್ಲಿನಲ್ಲಿ’ ಎಂದೆ. ಶಹಾಬಾದ್ ಕಲ್ಲು ಸಿಗುವ ಚಿತ್ತಾಪುರ, ಶಹಾಬಾದ್, ಸೇಡಂ ಪಟ್ಟಿಯ ನೀರಿನಲ್ಲಿ ಕರಗಿದ ಸುಣ್ಣ ಹೆಚ್ಚು. 2 ಮಿ.ಮೀ. ತೂತು ಮುಚ್ಚಲು ಅದಕ್ಕೆ ಹೆಚ್ಚು ಕಾಲ ಬೇಡ. 2 ಮಿ.ಮೀ. ಡ್ರಿಲ್ ಬಿಟ್ಟನ್ನು ಕೈಯಿಂದಲೇ ತಿರುಗಿಸಿ ಪದರ ಬಿಡಿಸಿದೆವು. ಯಂತ್ರಕ್ಕೆ ಹಚ್ಚಿ ಕೊರೆದರೆ ತೂತು ದೊಡ್ಡದಾಗುತ್ತದೆ, 3 ಮಿ.ಮೀ. ಆದರೆ ಸೋರಿಕೆ ಎರಡು ಪಟ್ಟಿಗೂ ಹೆಚ್ಚು. ಈ ಪಟ್ಟಿಯಲ್ಲಿ ವರ್ಷಕ್ಕೊಮ್ಮೆ ಪಿಸ್ಟನ್ ಹೊರತೆಗೆದು ತೂತು ನೋಡುವುದನ್ನು ಬಿತ್ತನೆಯಷ್ಟೇ ಕಡ್ಡಾಯ ಮಾಡಿಕೊಳ್ಳಿ. ಸಿಲಿಂಡರಿನ ತಳದಲ್ಲಿರುವ ಫುಟ್ ವಾಲ್ವಿನ ಕೂರುವ ಅಂಚಿನ ಮೇಲೂ ಅದೇ ಪದರ ಕಟ್ಟಿರುತ್ತದೆ, ಅದನ್ನೂ ಕೈಯಾರೆ ಬಿಡಿಸಿ ತೆಗೆಯಿರಿ.

ಸುಣ್ಣವಿಲ್ಲದ ಕಡೆ ತೂತು ಮುಚ್ಚುವುದು ಮನುಷ್ಯರು. ಕೈಪಂಪಿನ ಪಿಸ್ಟನ್ನಿನಲ್ಲಿ ಇಂಥ ತೂತು ಇರುವುದಿಲ್ಲ. ಆದ್ದರಿಂದ ರಿಪೇರಿಗೆ ಬಂದವರು ಅದನ್ನು ಹಾನಿಯೆಂದು ತಿಳಿದು ಬೋಲ್ಟಿನಿಂದಲೋ ಅಂಟಿನಿಂದಲೋ ಮುಚ್ಚಿಬಿಡುತ್ತಾರೆ. ಅವರ ಕೆಲಸ ನಿಷ್ಠೆಯದೇ, ಯಂತ್ರದ ಲೆಕ್ಕ ಅವರಿಗೆ ಯಾರೂ ಹೇಳಿರುವುದಿಲ್ಲ. ಪಿಸ್ಟನ್ ಮೇಲೆ ತೂತಿನ ಪಕ್ಕದಲ್ಲೇ ಒಂದು ಗುರುತು ಕೊರೆಸಿ, ಗೋಪುರದ ಬುಡದಲ್ಲಿ ಬಣ್ಣದಿಂದ ‘ಪಿಸ್ಟನ್ ತೂತು ಮುಚ್ಚಬಾರದು’ ಎಂದು ಬರೆಸಿ.

ಬೇಸಿಗೆಗೆ ಒಂದು ಹೊಡೆತ, ಮಳೆಗಾಲಕ್ಕೆ ಇನ್ನೊಂದು

ಮುಂಗಾರು ಮುಗಿದಾಗ 8 ಮೀಟರಿನಲ್ಲಿದ್ದ ನೀರು ಮೇ ತಿಂಗಳಿಗೆ 15ಕ್ಕೆ ಇಳಿದರೆ ಹೊರೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಯಂತ್ರ ‘ಬೇಸಿಗೆಯಲ್ಲಿ ಕೆಡುತ್ತದೆ, ಮಳೆ ಬಂದರೆ ತಾನೇ ಸರಿಹೋಗುತ್ತದೆ’ ಎಂಬ ದೂರಿನ ಮೂಲ ಇದು. ಕ್ರ್ಯಾಂಕ್ ಪಿನ್ನನ್ನು 125ರ ತೂತಿನಿಂದ 75ರ ತೂತಿಗೆ ಬದಲಿಸಿದರೆ ಚಕ್ರ ತಿರುಗಿಸಬೇಕಾದ ಬಲ ಶೇಕಡಾ 60ಕ್ಕೆ ಇಳಿಯುತ್ತದೆ. ಮಟ್ಟ ಇಳಿದಷ್ಟಕ್ಕೂ ಹೊಡೆತ ತಗ್ಗಿಸಿದ್ದಕ್ಕೂ ಬಹುಮಟ್ಟಿಗೆ ಸರಿಹೋಗುತ್ತದೆ. ನೀರು ಕಡಿಮೆ ಬರುತ್ತದೆ, ಆದರೆ ಬರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯದ ಗಾಳಿ ಜೋರಿರುವಾಗ ಮತ್ತೆ 125ಕ್ಕೆ ಹಾಕಿ. ಅಕ್ಟೋಬರ್ ನವೆಂಬರಿನಲ್ಲಿ ಗಾಳಿ ಮಂದ; ಹಿಂಗಾರಿ ಜೋಳ, ಕಡಲೆಗೆ ನೀರು ಬೇಕೆನಿಸುವ ಹೊತ್ತೂ ಅದೇ. ಆ ಕೊರತೆಯನ್ನು ಯಾವ ರಿಪೇರಿಯೂ ತುಂಬಲಾರದು. ಗಾಳಿ ಇದ್ದಾಗ ಎತ್ತಿದ್ದನ್ನು ಹಿಡಿದಿಡುವ ತೊಟ್ಟಿ ಅಥವಾ ಹೊಂಡವಿದ್ದವರಿಗೆ ಮಾತ್ರ ಈ ಯಂತ್ರ ಒಪ್ಪುತ್ತದೆ.

ದೊಡ್ಡ ಸಿಲಿಂಡರ್ ಹಾಕಿದರೆ ಹೆಚ್ಚು ನೀರು ಬರುತ್ತದೆಂಬ ನಂಬಿಕೆ ಬಲವಾಗಿದೆ. 15 ಮೀಟರ್ ಆಳಕ್ಕೆ 100 ಮಿ.ಮೀ. ಸಿಲಿಂಡರಿನ ಭಾರ 118 ಕಿಲೋ. ಮೂರು ಮೀಟರ್ ಚಕ್ರ ಅದನ್ನು ಎತ್ತಿಕೊಂಡು ಹೊರಡುವಷ್ಟು ಗಾಳಿ ಬರುವ ಹೊತ್ತಿಗೆ ದಿನದ ಬಹುಪಾಲು ಕಳೆದಿರುತ್ತದೆ. ಚಿಕ್ಕ ಪಂಪು ದಿನವಿಡೀ ಓಡಿ ಎತ್ತುವ ನೀರೇ ಹೆಚ್ಚು.

ಚಕ್ರ ತಿರುಗುತ್ತಿದೆ, ನೀರು ಮಾತ್ರ ಕಡಿಮೆ

ಅಳತೆಯ ಬಕೆಟ್ ಇಟ್ಟು ಇಪ್ಪತ್ತು ಹೊಡೆತ ಎಣಿಸಿ. 100 ಮಿ.ಮೀ. ಹೊಡೆತಕ್ಕೆ ಲೆಕ್ಕದ ಪ್ರಕಾರ 6.3 ಲೀಟರ್, ತೂತಿನ ಸೋರಿಕೆ ಕಳೆದು ಐದೂವರೆ ಬಂದರೆ ಸರಿ. ನಾಲ್ಕೂವರೆಗಿಂತ ಕಡಿಮೆಯಾದರೆ ಪಂಪಿನ ಒಳಗೆ ಕೆಲಸವಿದೆ. ಸೆಕೆಂಡಿಗೆ 4 ಮೀಟರ್ ಗಾಳಿಯಲ್ಲಿ ಈ ಚಕ್ರ ನಿಮಿಷಕ್ಕೆ 25 ಸುತ್ತು ಬರುತ್ತದೆ, ಎಂದರೆ ಗಂಟೆಗೆ 400 ಲೀಟರ್ ಸುತ್ತಮುತ್ತ. ದನಕರು, ಮನೆ ಬಳಕೆ, ಒಂದಿಷ್ಟು ತರಕಾರಿ ಮಡಿ, ಹನಿ ನೀರಾವರಿಯ ನಿಂಬೆ ಗಿಡಗಳಿಗೆ ಇದು ನೀರು. ಮೋಟರಿನ ಧಾರೆಗೆ ಹೋಲಿಸಿ ಇದನ್ನು ದೋಷವೆಂದು ಬರೆದುಕೊಳ್ಳಬೇಡಿ.

ಯಾವ ವಾಲ್ವ್ ಕೆಟ್ಟಿದೆ ಎಂಬುದನ್ನು ರಾತ್ರಿ ಹೇಳುತ್ತದೆ. ಸಂಜೆ ನೀರು ಬರುತ್ತಿರುವಾಗಲೇ ಬ್ರೇಕ್ ಹಾಕಿ, ಬೆಳಿಗ್ಗೆ ಬಿಟ್ಟು, ಎಷ್ಟನೇ ಹೊಡೆತಕ್ಕೆ ನೀರು ಬಂತು ಎಂದು ಎಣಿಸಿ. ಎರಡು ಮೂರರಲ್ಲೇ ಬಂದರೆ ಫುಟ್ ವಾಲ್ವ್ ಮತ್ತು ಪೈಪಿನ ಕೀಲುಗಳು ಗಟ್ಟಿಯಾಗಿವೆ. ಪಿಸ್ಟನ್ನಿನ ತೂತು ಈ ಪರೀಕ್ಷೆಗೆ ಅಡ್ಡಿಯಲ್ಲ, ಏಕೆಂದರೆ ಕೆಳಗೆ ಕಂಬ ಹಿಡಿದಿರುವುದು ಫುಟ್ ವಾಲ್ವ್. ಮೂವತ್ತಕ್ಕೂ ಹೆಚ್ಚು ಹೊಡೆತ ಬೇಕಾದರೆ 15 ಮೀಟರಿನ 32 ಮಿ.ಮೀ. ಪೈಪು ಪೂರ್ತಿ ಖಾಲಿಯಾಗಿತ್ತು. ಹತ್ತು ಹದಿನೈದಕ್ಕೆ ಬಂದರೆ ನೀರು ಅರ್ಧಕ್ಕಿಳಿದು ನಿಂತಿದೆ, ಹಾಗಾಗಿ ಆ ಎತ್ತರದ ಸಾಕೆಟ್ ಕೀಲಿನಲ್ಲಿ ಸೋರಿಕೆ ಹುಡುಕಿ. ಕಂಬ ರಾತ್ರಿಯಿಡೀ ನಿಂತೂ ಬಕೆಟ್ ಲೆಕ್ಕ ಕಡಿಮೆಯಾದರೆ ಮತ್ತು ಜೋರು ಗಾಳಿಯಲ್ಲಿ ಲೆಕ್ಕ ಸುಧಾರಿಸಿದರೆ ಅದು ಪಿಸ್ಟನ್ನಿನ ವಾಷರ್. ಮರಳು ಬರುವ ಬಾವಿಯಲ್ಲಿ ವಾಷರ್ ಬೇಗ ಸವೆಯುತ್ತದೆ. ಸಿಲಿಂಡರನ್ನು ತಳದಿಂದ ಒಂದೆರಡು ಮೀಟರ್ ಮೇಲೆತ್ತಿ ಕೂರಿಸುವುದು ವಾಷರ್ ಬದಲಿಸುತ್ತ ಕೂರುವುದಕ್ಕಿಂತ ಮೇಲು.

ಸಿಲಿಂಡರ್ ನೀರಿನ ಮೇಲೆ ಇದ್ದು ಹೀರಿಕೊಳ್ಳುವ ಜೋಡಣೆಯಾದರೆ ಮಟ್ಟ 6–7 ಮೀಟರಿಗಿಂತ ಕೆಳಗಿಳಿದ ದಿನ ನೀರು ನಿಲ್ಲುತ್ತದೆ. ಅದಕ್ಕೆ ಸಿಲಿಂಡರನ್ನು ನೀರಿನೊಳಗೆ ಇಳಿಸುವುದೊಂದೇ ಪರಿಹಾರ.

ಸದ್ದು

ಸುತ್ತಿಗೊಮ್ಮೆ ಟಕ್ ಎಂದರೆ ಕ್ರ್ಯಾಂಕ್ ಪಿನ್ ಅಥವಾ ರಾಡಿನ ಕೀಲು ಸಡಿಲ. ಇಳಿಯುವ ಹೊಡೆತದ ಕೊನೆಗೆ ಧಡ್ ಎಂದು ಗೋಪುರವೇ ನಡುಗಿದರೆ ರಾಡು ಉದ್ದವಾಗಿ ಪಿಸ್ಟನ್ ತಳಕ್ಕೆ ಬಡಿಯುತ್ತಿದೆ, ಆಗ ಒಂದು ನಿಮಿಷವೂ ಓಡಿಸಬೇಡಿ. ಗುರ್ ಎಂಬ ಸದ್ದು ಬೇರಿಂಗಿನದು. ಪೈಪಿನಲ್ಲಿ ಹೊಡೆತಕ್ಕೊಮ್ಮೆ ನೀರು ಗುದ್ದಿದಂತಾದರೆ ಮೇಲಿನ ಗಾಳಿ ಕೋಶದಲ್ಲಿ ನೀರು ತುಂಬಿಕೊಂಡಿದೆ, ಅದನ್ನು ಖಾಲಿ ಮಾಡಿ ಗಾಳಿ ಹಿಡಿಸಿ.

ರಾಡಿನ ನಡುವೆ ಬೇಕೆಂದೇ ಇಟ್ಟ ಮರದ ತುಂಡು ಪದೇ ಪದೇ ಮುರಿಯುತ್ತದೆ ಎಂದು ಅದರ ಬದಲು ಕಬ್ಬಿಣ ಬೆಸೆಯುವುದು ದುಬಾರಿ ತಪ್ಪು. ಪಂಪು ಸಿಕ್ಕಿಕೊಂಡರೆ ಅಗ್ಗದ ಮರ ಮುರಿದು, ಕ್ರ್ಯಾಂಕನ್ನೂ ತಲೆಯನ್ನೂ ಉಳಿಸಬೇಕೆಂದೇ ಅದು ಅಲ್ಲಿದೆ. ಮರ ಮುರಿದರೆ ತಕ್ಕಡಿ ಪರೀಕ್ಷೆ ಮಾಡಿ, ಬಾಲ ಮಡಚುತ್ತದೆಯೇ ನೋಡಿ.

ಬಾಲ

ಜೋರು ಗಾಳಿಗೆ ತನ್ನನ್ನು ತಾನೇ ಹಿಡಿತಕ್ಕೆ ತಂದುಕೊಳ್ಳುವ ನೀರೆತ್ತುವ ಗಾಳಿಯಂತ್ರವನ್ನು ಅಮೆರಿಕದ ಡೇನಿಯಲ್ ಹ್ಯಾಲಡೇ 1854ರಲ್ಲಿ ರೂಪಿಸಿದರು. ನಮ್ಮ ಮಾದರಿಯಲ್ಲಿ ಆ ಕೆಲಸ ಬಾಲದ್ದು. ಚಕ್ರದ ನಡುಗೆರೆ ಗೋಪುರದ ನಡುಗೆರೆಯಿಂದ ತುಸು ಪಕ್ಕಕ್ಕಿರುತ್ತದೆ. ಗಾಳಿ ಅತಿಯಾದಾಗ ಚಕ್ರ ಪಕ್ಕಕ್ಕೆ ಹೊರಳಲು ನೋಡುತ್ತದೆ, ಸ್ಪ್ರಿಂಗ್ ಸೋತು ಬಾಲ ಮಡಚುತ್ತದೆ, ಚಕ್ರ ಗಾಳಿಗೆ ಓರೆಯಾಗಿ ನಿಧಾನವಾಗುತ್ತದೆ.

ಧೂಳು ಏಳುವಷ್ಟೇ ಗಾಳಿಗೆ ಬಾಲ ಮಡಚಿಕೊಳ್ಳುತ್ತಿದ್ದರೆ ಸ್ಪ್ರಿಂಗ್ ಸೊರಗಿದೆ. ನೀರು ಹೆಚ್ಚು ಬರಬೇಕಾದ ಗಾಳಿಯಲ್ಲೇ ಚಕ್ರ ಮುಖ ತಿರುಗಿಸುತ್ತದೆ. ಸರಪಳಿಯ ಒಂದು ಕೊಂಡಿ ಬಿಗಿದು ನೋಡಿ, ಆಗದಿದ್ದರೆ ಸ್ಪ್ರಿಂಗ್ ಬದಲಿಸಿ. ಹೆಚ್ಚು ಅಪಾಯ ಇದರ ಉಲ್ಟಾ. ಕೀಲಿನಲ್ಲಿ ಧೂಳು, ತುಕ್ಕು ಸೇರಿ ಬಾಲ ಮಡಚದೇ ಹೋದರೆ ಏಪ್ರಿಲ್, ಮೇ ಸಂಜೆಗಳ ಬಿರುಗಾಳಿ ಚಕ್ರವನ್ನು ಕಳಚಿ ಒಗೆಯುತ್ತದೆ. ಆ ಗಾಳಿ ಹೇಳಿ ಬರುವುದಿಲ್ಲ, ಬರುವ ದಿಕ್ಕೂ ಒಂದೇ ಅಲ್ಲ. ಯುಗಾದಿ ಕಳೆದೊಡನೆ ಚಕ್ರ ಕಟ್ಟಿಹಾಕಿ ಬಾಲವನ್ನು ಕೈಯಿಂದ ಮಡಚಿ ಬಿಡಿ. ಎಲ್ಲೂ ತಡವರಿಸದೆ ಮಡಚಬೇಕು, ಬಿಟ್ಟೊಡನೆ ತಾನೇ ಹಿಂದಕ್ಕೆ ಬರಬೇಕು. ಪಡುವಣದಲ್ಲಿ ಮೋಡ ಕಪ್ಪಾದ ಸಂಜೆ ಬಾಲ ಮಡಚಿ ಬ್ರೇಕ್ ಹಾಕಿಯೇ ಮನೆಗೆ ಹೋಗಿ.

ಗಾಳಿಗೆ ಮುಖ ಕೊಡುತ್ತಿಲ್ಲ

ಇದಕ್ಕೆ ಎರಡು ಕಾರಣ. ಒಂದು ಅಡೆತಡೆ. ಯಂತ್ರ ನಿಲ್ಲಿಸಿದಾಗ ಮೊಣಕಾಲೆತ್ತರವಿದ್ದ ಬೇವು, ಬೇಲಿಯ ಜಾಲಿ ಬೆಳೆದು ಚಕ್ರದ ಎತ್ತರಕ್ಕೆ ಬಂದಿರುತ್ತವೆ. ಗೋಪುರದ ಮೇಲೆ ಎರಡು ಮೂರು ಎತ್ತರಗಳಲ್ಲಿ ಬಟ್ಟೆಯ ಪಟ್ಟಿ ಕಟ್ಟಿ ನೋಡಿ. ಮೇಲಿನದು ಒಂದೇ ದಿಕ್ಕಿಗೆ ಚಾಚಿ, ಕೆಳಗಿನದು ಸುತ್ತಮುತ್ತ ಹೊಡೆದಾಡಿಕೊಂಡರೆ ಕಲಕಿದ ಗಾಳಿ ಎಲ್ಲಿಯವರೆಗೆ ಏರಿದೆ ಎಂದು ಕಣ್ಣಿಗೇ ಕಾಣುತ್ತದೆ. ಚಕ್ರದ ಕೆಳ ಅಂಚು ಆ ಕಲಕಾಟದಿಂದ ಪೂರ್ತಿ ಮೇಲಿರಬೇಕು. ಮರ ಕಡಿಯುವುದಕ್ಕಿಂತ ಗೋಪುರಕ್ಕೆ ಒಂದು ಅಂಕಣ ಏರಿಸುವುದು ಒಳ್ಳೆಯದು. ನೆರಳು ಬೇಕಾದ ಸೀಮೆ ನಮ್ಮದು.

ಎರಡನೆಯದು ನಮ್ಮ ಮಣ್ಣಿನದು. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನಾಲ್ಕು ಕಾಲುಗಳ ಕೆಳಗೆ ಅದು ಸಮನಾಗಿ ಉಬ್ಬುವುದಿಲ್ಲ. ತೊಟ್ಟಿಯ ನೀರು ಚೆಲ್ಲುವ ಕಡೆಯ ಕಾಲು ಒಂದು ರೀತಿ, ಒಣಗಿದ ಕಡೆಯ ಕಾಲು ಇನ್ನೊಂದು ರೀತಿ. ಗೋಪುರ ಬೆರಳಗಲ ವಾಲಿದರೂ ಮೇಲಿನ ತಲೆ ತನ್ನ ಭಾರಕ್ಕೆ ತಗ್ಗಿನ ಕಡೆಗೇ ತಿರುಗಿ ನಿಲ್ಲುತ್ತದೆ. ಗುರುತು ಸುಲಭ: ಗಾಳಿ ಸತ್ತ ಹೊತ್ತಿನಲ್ಲಿ ಬಾಲ ಪ್ರತಿ ದಿನವೂ ಅದೇ ದಿಕ್ಕಿಗೆ ಬಂದು ನಿಂತರೆ ಗೋಪುರ ವಾಲಿದೆ. ತಲೆಯಿಂದ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟರೆ ಯಾವ ಕಡೆಗೆ, ಎಷ್ಟು ವಾಲಿದೆ ಎಂದೂ ತಿಳಿಯುತ್ತದೆ. ವಾಲಿದ ಗೋಪುರದಲ್ಲಿ ರಾಡು ಗ್ಲ್ಯಾಂಡಿನ ಒಂದೇ ಬದಿಗೆ ಉಜ್ಜುತ್ತದೆ. ಗ್ಲ್ಯಾಂಡ್ ಒಂದೇ ಕಡೆ ಸವೆದಿದ್ದರೆ ಅಲ್ಲೂ ಈ ಸಾಕ್ಷಿ ಸಿಗುತ್ತದೆ.

ತಗ್ಗಿದ ಕಾಲಿನ ತಳಪಟ್ಟಿಯ ಕೆಳಗೆ ಉಕ್ಕಿನ ತೆಳು ಪಟ್ಟಿ ಕೊಟ್ಟು ತಾತ್ಕಾಲಿಕವಾಗಿ ನೇರ ಮಾಡಬಹುದು. ಉಳಿಯುವ ಪರಿಹಾರವೆಂದರೆ ಅಡಿಪಾಯವನ್ನು ಎರೆಯ ಕೆಳಗಿನ ಗರಸಿಗೆ ಮುಟ್ಟಿಸಿ, ಕಂಬದ ಸುತ್ತ ಎರೆಯ ಬದಲು ಗರಸು ತುಂಬಿ, ತೊಟ್ಟಿಯ ಹೆಚ್ಚುವರಿ ನೀರು ಗೋಪುರದ ಕಡೆ ಬಾರದಂತೆ ಕಾಲುವೆ ಮಾಡುವುದು. ಬೀದರಿನ ಕೆಂಪು ಮುರಗಲ್ಲಿನ ನೆಲದಲ್ಲಿ ಈ ತಾಪತ್ರಯ ಕಾಣುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯ ಎರೆ ಹೊಲಗಳಲ್ಲಿ ಮಾತ್ರ ವರ್ಷಕ್ಕೆ ಎರಡು ಸಲ ತೂಗುಗುಂಡು ಹಾಕಲೇಬೇಕು: ಮೇ ಕೊನೆಗೆ ನೆಲ ಪೂರ್ತಿ ಬಿರಿದಾಗ ಒಮ್ಮೆ, ಸೆಪ್ಟೆಂಬರ್ ಮಳೆಗೆ ನೆಲ ಪೂರ್ತಿ ನೆನೆದಾಗ ಇನ್ನೊಮ್ಮೆ. ಎರಡೂ ಅಳತೆಯನ್ನು ಗೋಪುರದ ಕಾಲಿನ ಮೇಲೆಯೇ ಬಣ್ಣದಿಂದ ಬರೆದಿಡಿ; ಕಾಲು ಒಂದೇ ಕಡೆಗೆ ಜರಗುತ್ತಿದೆಯೋ, ಋತುವಿಗೆ ತಕ್ಕಂತೆ ಏರಿಳಿಯುತ್ತಿದೆಯೋ ಎಂಬುದನ್ನು ನೋಡಿಯೇ ಅಡಿಪಾಯ ಅಗೆಯುವ ಖರ್ಚಿಗೆ ಕೈಹಾಕಿ.